ಹದಿನೇಳರ ಮುಂದಿನ ಸ್ಟಾಪು ಯಾವುದು?

ಕಿಣ್ಣಿ ಸುಲ್ತಾನದಿಂದ ಆಳಂದಕ್ಕೆ ಹೊರಟಿದ್ದೀರಿ. ಬಸ್ಸಿನಲ್ಲಿ ಕಂಡಕ್ಟರ್ ಬಂದು ಪಕ್ಕದಲ್ಲಿ ನಿಂತರು. ಟಿಕೆಟ್ 17 ರೂಪಾಯಿ ಅಂತ ಇಟ್ಟುಕೊಳ್ಳೋಣ. ನಿಜವಾದ ದರ ಎಷ್ಟಾದರೂ ಇರಲಿ, ನಮ್ಮ ಆಟಕ್ಕೆ 17 ಚೆನ್ನಾಗಿದೆ. ನೀವು ಇಪ್ಪತ್ತರ ನೋಟು ಕೊಟ್ಟಿರಿ. ಮೂರು ರೂಪಾಯಿ ವಾಪಸ್ ಬರಬೇಕು. ಅವರು ಚರ್ಮದ ಚೀಲದೊಳಗೆ ಕೈಯಾಡಿಸಿದರು, ಚಿಲ್ಲರೆ ಸಿಗಲಿಲ್ಲ. ಟಿಕೆಟ್ಟಿನ ಬೆನ್ನಿಗೆ 3 ಅಂತ ಬರೆದು, ಸುತ್ತ ಒಂದು ಗೆರೆ ಎಳೆದು, 'ಇಳಿಯೋವಾಗ ಇಸ್ಕೊ ತಮ್ಮಾ' ಅಂದರು. ಇಳಿಯುವಾಗ ನೆನಪಾದರೆ ನಿಮ್ಮ ಪುಣ್ಯ.

ದರಗಳೆಲ್ಲ 5, 10, 15, 20 ಅಂತ ಐದರ ಮಗ್ಗಿಯಲ್ಲೇ ಬರುವಂತಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಆದರೆ 17ನ್ನು 15 ಮಾಡುವುದೋ, 20 ಮಾಡುವುದೋ? ನೀವು 15 ಅನ್ನುತ್ತೀರಿ, ಬಸ್ಸಿನವರು 20 ಅನ್ನುತ್ತಾರೆ. ಯಾರ ಮಾತು ನಡೆದರೂ ಆ ಲೆಕ್ಕ ಮಾಡಬೇಕಾದದ್ದು ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಯಂತ್ರ. ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ಕಂಪ್ಯೂಟರ್ ಕೂತಿದೆ. ಅದಕ್ಕೆ 'ಈ ಸಂಖ್ಯೆಯನ್ನು ಐದರ ಮಗ್ಗಿಗೆ ಹೊಂದಿಸು' ಅಂತ ಹೇಳುವುದು ಹೇಗೆ? ಇವತ್ತು ನಾವಿಬ್ಬರೂ ಕೂಡಿ ಅದನ್ನು ಕಂಡುಹಿಡಿಯೋಣ. ನಿಮಗೆ ಮಗ್ಗಿ ಬಂದರೆ ಸಾಕು, ಕಂಪ್ಯೂಟರ್ ಮುಟ್ಟಿಯೇ ಇರದಿದ್ದರೂ ನಡೆಯುತ್ತದೆ.

ಮೊದಲು ಕಣ್ಣ ಮುಂದೆ ಒಂದು ಚಿತ್ರ ತಂದುಕೊಳ್ಳಿ. ಉದ್ದಕ್ಕೆ, ನೆಟ್ಟಗೆ ಹೋಗುವ ಒಂದು ರಸ್ತೆ. ನಿಮ್ಮ ಊರಿನ ಸ್ಟ್ಯಾಂಡು ಸೊನ್ನೆ. ಅಲ್ಲಿಂದ ಬಲಕ್ಕೆ ಒಂದೊಂದು ಹೆಜ್ಜೆಗೆ 1, 2, 3 ಅಂತ ಸಂಖ್ಯೆಗಳು. ಬಸ್ಸು ಎಲ್ಲ ಕಡೆ ನಿಲ್ಲುವುದಿಲ್ಲ. 5ರಲ್ಲಿ ಒಂದು ಸ್ಟಾಪು, 10ರಲ್ಲಿ ಒಂದು, 15ರಲ್ಲಿ ಒಂದು, 20ರಲ್ಲಿ ಒಂದು. ನಮ್ಮ 17 ಎಲ್ಲಿದ್ದಾನೆ? 15ರ ಸ್ಟಾಪು ದಾಟಿ ಎರಡು ಹೆಜ್ಜೆ ಮುಂದೆ, ಹೊಲದ ಬದಿಯಲ್ಲಿ ನಿಂತಿದ್ದಾನೆ. ಬಸ್ಸು ಹತ್ತಬೇಕಾದರೆ ಅವನು ಹಿಂದಿನ ಸ್ಟಾಪಿಗೆ ಹೋಗಬೇಕು, ಇಲ್ಲವೇ ಮುಂದಿನ ಸ್ಟಾಪಿಗೆ ನಡೆಯಬೇಕು.

ಸಂಖ್ಯೆಯನ್ನು ರೌಂಡ್ ಮಾಡುವುದು ಅಂದರೆ ಇಷ್ಟೇ. ಹಿಂದಿನ ಸ್ಟಾಪಿಗೆ ಹೋಗಬಹುದು, ಮುಂದಿನ ಸ್ಟಾಪಿಗೆ ಹೋಗಬಹುದು, ಅಥವಾ ಯಾವುದು ಹತ್ತಿರವೋ ಅಲ್ಲಿಗೆ ಹೋಗಬಹುದು. ಸ್ಟಾಪುಗಳು ಐದೈದು ಹೆಜ್ಜೆಗೇ ಇರಬೇಕು ಅಂತೇನಿಲ್ಲ. ಹತ್ತಕ್ಕೊಂದು, ಮೂವತ್ತಕ್ಕೊಂದು, ಐವತ್ತಕ್ಕೊಂದು, ನಿಮಗೆ ಬೇಕಾದಷ್ಟು ದೂರಕ್ಕೆ ನೆಡಬಹುದು. ಪಾಠಪುಸ್ತಕದಲ್ಲಿ ಈ ಸ್ಟಾಪುಗಳಿಗೆ ಅಪವರ್ತ್ಯಗಳು ಅನ್ನುತ್ತಾರೆ.

ಈಗ ಯಂತ್ರದ ಕಡೆ ಬರೋಣ. ಕಂಪ್ಯೂಟರಿಗೆ ನಿಮ್ಮ ಹಾಗೆ ರಸ್ತೆ ಕಾಣುವುದಿಲ್ಲ, ಸ್ಟಾಪು ಕಾಣುವುದಿಲ್ಲ. ಅದಕ್ಕೆ ಬರುವುದು ಕೂಡಿಸುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು. ಆದರೆ ಪೂರ್ಣಾಂಕಗಳನ್ನು ಭಾಗಿಸುವಾಗ ಅದಕ್ಕೊಂದು ವಿಚಿತ್ರ ಸ್ವಭಾವ ಇದೆ. 17ನ್ನು 5ರಿಂದ ಭಾಗಿಸು ಅಂದರೆ '3' ಅನ್ನುತ್ತದೆ, ಸುಮ್ಮನಾಗುತ್ತದೆ. ಶೇಷ ಉಳಿದ 2 ಎಲ್ಲಿ ಹೋಯಿತು? ಬಿಟ್ಟುಬಿಟ್ಟಿತು! ನೀವು ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಾಸ್ತರು ಅರ್ಧ ಅಂಕ ಕಡಿಯುತ್ತಾರೆ. ಕಂಪ್ಯೂಟರ್ ಮಾತ್ರ ದಿನವಿಡೀ ಹೀಗೇ ಶೇಷ ಬಿಡುತ್ತ ಕೂತಿರುತ್ತದೆ.

ಈ ಬಿಡುವ ಗುಣವೇ ನಮಗೆ ಬೇಕಾದದ್ದು. 17ನ್ನು 5ರಿಂದ ಭಾಗಿಸಿದರೆ 3 ಬಂತಲ್ಲ, ಅದನ್ನು ಮತ್ತೆ 5ರಿಂದ ಗುಣಿಸಿ. 15! ಭಾಗಿಸಿ ಗುಣಿಸಿದರೆ ಮೊದಲಿನ ಸಂಖ್ಯೆಯೇ ಬರಬೇಕಿತ್ತು. ಆದರೆ ನಡುವೆ ಶೇಷ ಉದುರಿಹೋಗಿದ್ದರಿಂದ ನಮ್ಮ 17 ತಾನಾಗಿ ಹಿಂದಿನ ಸ್ಟಾಪಿಗೆ ಬಂದು ನಿಂತ. ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಇದನ್ನು ಹೀಗೆ ಬರೆಯುತ್ತಾರೆ:

ದರ // 5 * 5

ಎರಡು ಓರೆ ಗೆರೆ ಅಂದರೆ 'ಭಾಗಿಸು, ಶೇಷ ಬಿಡು'. ನಕ್ಷತ್ರ ಅಂದರೆ 'ಗುಣಿಸು'. 'ದರ' ಅನ್ನುವುದು ಸಂಖ್ಯೆಗೆ ನಾವಿಟ್ಟ ಹೆಸರು. ಅಂದ ಹಾಗೆ, ಪೈಥಾನ್ 3ರಲ್ಲಿ ಈ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆಯಬಹುದು, ಯಂತ್ರ ಬೇಡ ಅನ್ನುವುದಿಲ್ಲ. ಇದು ಎಷ್ಟೋ ದೊಡ್ಡವರಿಗೂ ಗೊತ್ತಿಲ್ಲ. ಕಂಪ್ಯೂಟರ್ ಮೇಷ್ಟ್ರ ಮುಂದೆ ಬರೆದು ತೋರಿಸಿ, ಮಜಾ ಇರುತ್ತದೆ.

ಹಿಂದಿನ ಸ್ಟಾಪು ಸುಲಭವಾಯಿತು. ಮುಂದಿನ ಸ್ಟಾಪಿಗೆ ಕರೆದೊಯ್ಯುವುದು ಹೇಗೆ? ತಟ್ಟನೆ ಹೊಳೆಯುವ ಉಪಾಯ ಒಂದಿದೆ. ಭಾಗಿಸಿ 3 ಬಂದಮೇಲೆ ಅದಕ್ಕೆ ಒಂದು ಕೂಡಿಸಿ 4 ಮಾಡಿ, ಆಮೇಲೆ 5ರಿಂದ ಗುಣಿಸಿದರೆ 20. ಸರಿಯಾಗಿದೆಯಲ್ಲ? 18ಕ್ಕೂ 20 ಬರುತ್ತದೆ, 19ಕ್ಕೂ 20 ಬರುತ್ತದೆ. ಇಷ್ಟಕ್ಕೇ ಸಂತೋಷಪಟ್ಟು ಎದ್ದು ಹೋಗುವವರು ಬಹಳ.

ನೀವು ಹೋಗಬೇಡಿ. ಆಗಲೇ ಸ್ಟಾಪಿನಲ್ಲೇ ನಿಂತಿರುವ 15ನ್ನು ಈ ಉಪಾಯಕ್ಕೆ ಕೊಟ್ಟು ನೋಡಿ. 15ನ್ನು 5ರಿಂದ ಭಾಗಿಸಿದರೆ 3, ಒಂದು ಕೂಡಿಸಿದರೆ 4, ಗುಣಿಸಿದರೆ 20. ಅಯ್ಯೋ, ಸ್ಟಾಪಿನಲ್ಲಿ ಆರಾಮಾಗಿ ನಿಂತಿದ್ದವನನ್ನು ಎಬ್ಬಿಸಿ ಮುಂದಿನ ಸ್ಟಾಪಿಗೆ ಓಡಿಸಿದಂತಾಯಿತು!

ಇನ್ನೂ ಒಂದು ಸಂಖ್ಯೆ ಕೊಡಿ. ಸೊನ್ನೆ. ಸೊನ್ನೆ ರೂಪಾಯಿ ಟಿಕೆಟ್ ಎಲ್ಲಾದರೂ ಇರುತ್ತದೆಯೇ ಅನ್ನುತ್ತೀರಾ? ನಿಮ್ಮ ಅವ್ವನನ್ನೋ ಅಕ್ಕನನ್ನೋ ಕೇಳಿ. 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆ ಇದೆ. ಕಲಬುರಗಿಯಲ್ಲೇ ಮುಖ್ಯ ಕಚೇರಿ ಇರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳಲ್ಲೂ ಹೆಣ್ಣುಮಕ್ಕಳಿಗೆ ಯಂತ್ರದಿಂದ ಶೂನ್ಯ ದರದ ಟಿಕೆಟ್ ಬರುತ್ತದೆ. ನಮ್ಮ ಅವಸರದ ಉಪಾಯವನ್ನು ಯಾರಾದರೂ ಇಂಥ ಯಂತ್ರಕ್ಕೆ ತುಂಬಿದ್ದರೆ ಏನಾಗುತ್ತಿತ್ತು? ಸೊನ್ನೆಯನ್ನು ಐದರಿಂದ ಭಾಗಿಸಿದರೆ ಸೊನ್ನೆ, ಒಂದು ಕೂಡಿಸಿದರೆ 1, ಗುಣಿಸಿದರೆ 5. ಬಿಟ್ಟಿ ಟಿಕೆಟ್ಟಿಗೆ ಐದು ರೂಪಾಯಿ! ಬಸ್ಸಿನಲ್ಲಿ ಜಗಳವೇ ಜಗಳ.

ಹಾಗಾದರೆ ಸರಿಯಾದ ಉಪಾಯ ಯಾವುದು? ನಿಧಾನವಾಗಿ ಯೋಚಿಸೋಣ. ಯಂತ್ರಕ್ಕೆ ಗೊತ್ತಿರುವುದು ಬಿಡುವುದೊಂದೇ. ಯಾರೇ ಬರಲಿ, ಹಿಂದಿನ ಸ್ಟಾಪಿಗೇ ಕಳಿಸುತ್ತದೆ. ಆ ಸ್ವಭಾವ ಬದಲಾಯಿಸಲು ಆಗುವುದಿಲ್ಲ. ಆದರೆ ಯಂತ್ರದ ಕೈಗೆ ಕೊಡುವ ಮೊದಲು ಸಂಖ್ಯೆಯನ್ನು ನಾವೇ ಸ್ವಲ್ಪ ಮುಂದೆ ತಳ್ಳಬಹುದಲ್ಲ? 17ನ್ನು ತಳ್ಳಿ 20ರ ಸ್ಟಾಪು ದಾಟಿಸಿಬಿಟ್ಟರೆ, ಆಮೇಲೆ ಯಂತ್ರ ಅವನನ್ನು ಹಿಂದೆ ಕಳಿಸಿದರೂ ಅವನು ಬಂದು ನಿಲ್ಲುವುದು 20ರಲ್ಲೇ.

ಎಷ್ಟು ತಳ್ಳಬೇಕು? ಐದು ಹೆಜ್ಜೆ ತಳ್ಳಿದರೆ 15ರಲ್ಲಿ ನಿಂತಿದ್ದವನು 20ಕ್ಕೆ ಹೋಗಿಬಿಡುತ್ತಾನೆ, ಮೊದಲಿನ ಗೋಳೇ ಮತ್ತೆ. ಮೂರೇ ಹೆಜ್ಜೆ ತಳ್ಳಿದರೆ 16 ಬರೀ 19ರವರೆಗೆ ಹೋಗುತ್ತಾನೆ, ಸ್ಟಾಪು ಮುಟ್ಟುವುದಿಲ್ಲ. ನಾಲ್ಕು ತಳ್ಳಿ ನೋಡಿ. 16 ಸರಿಯಾಗಿ 20ಕ್ಕೆ ಮುಟ್ಟಿದ. 17, 18, 19 ಮೂವರೂ 20 ದಾಟಿದರು. 15 ಮಾತ್ರ 19ರಲ್ಲಿ ನಿಂತ, ಯಂತ್ರ ಅವನನ್ನು ಮರಳಿ 15ಕ್ಕೆ ತಂದು ಬಿಟ್ಟಿತು. ಸೊನ್ನೆ? ನಾಲ್ಕರವರೆಗೆ ಹೋಗಿ ಮತ್ತೆ ಸೊನ್ನೆಗೇ ಬಂದ. ಬಿಟ್ಟಿ ಟಿಕೆಟ್ ಬಿಟ್ಟಿಯಾಗಿಯೇ ಉಳಿಯಿತು.

(ದರ + 4) // 5 * 5

ಐದಕ್ಕಿಂತ ಒಂದು ಕಡಿಮೆ. ಇಷ್ಟೇ ಗುಟ್ಟು. ಸ್ಟಾಪು ದಾಟಿ ಒಂದೇ ಹೆಜ್ಜೆ ಮುಂದೆ ಬಂದವನನ್ನೂ ಮುಂದಿನ ಸ್ಟಾಪು ಮುಟ್ಟಿಸುವಷ್ಟು, ಸ್ಟಾಪಿನಲ್ಲೇ ಇರುವವನನ್ನು ಮಾತ್ರ ಮುಟ್ಟಿಸದಷ್ಟು. ಸ್ಟಾಪುಗಳು ಹತ್ತು ಹೆಜ್ಜೆಗೆ ಇದ್ದರೆ 9 ತಳ್ಳಿ, ಐವತ್ತಕ್ಕಿದ್ದರೆ 49. ಎಲ್ಲಕ್ಕೂ ಹೊಂದುವ ಹಾಗೆ ಒಂದೇ ಸಾಲಿನಲ್ಲಿ ಬರೆಯಬೇಕೆಂದರೆ:

(ದರ + ಮಗ್ಗಿ - 1) // ಮಗ್ಗಿ * ಮಗ್ಗಿ

'ಮಗ್ಗಿ' ಇರುವ ಕಡೆ ನಿಮಗೆ ಬೇಕಾದ ಸಂಖ್ಯೆ ಹಾಕಿಕೊಳ್ಳಿ.

ಇದು ಬಸ್ಸಿನ ಲೆಕ್ಕ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಕಡೆ ಹೊಲದ ತುಂಬ ತೊಗರಿ ಬೆಳೆಯುತ್ತೇವೆ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ರಾಶಿ ಮಾಡಿ, ತೂರಿ, ಹಸನು ಮಾಡಿದ ಮೇಲೆ 1,230 ಕಿಲೋ ತೊಗರಿ ಆಯಿತು ಅನ್ನಿ. ಐವತ್ತು ಕಿಲೋ ಹಿಡಿಯುವ ಚೀಲಗಳಿವೆ. ಎಷ್ಟು ಖಾಲಿ ಚೀಲ ತರಬೇಕು? 1,230ನ್ನು 50ರಿಂದ ಭಾಗಿಸಿದರೆ 24 ಚೀಲ, ಶೇಷ 30 ಕಿಲೋ. ಯಂತ್ರಕ್ಕೆ ಕೇಳಿದರೆ 24 ಅಂತ ಹೇಳಿ ಕೈ ತೊಳೆದುಕೊಳ್ಳುತ್ತದೆ. ಆ ಮೂವತ್ತು ಕಿಲೋ ತೊಗರಿ ಕಣದಲ್ಲೇ ಬಿದ್ದಿರಲಿ ಅಂತ ನಿಮ್ಮ ಅಪ್ಪ ಒಪ್ಪುತ್ತಾರೆಯೇ?

ಅದಕ್ಕೆ ತಳ್ಳಬೇಕು. 1,230ಕ್ಕೆ 49 ಕೂಡಿಸಿದರೆ 1,279. ಐವತ್ತರಿಂದ ಭಾಗಿಸಿ ಶೇಷ ಬಿಟ್ಟರೆ 25. ಇಪ್ಪತ್ತೈದು ಚೀಲ ಬೇಕು, ಕೊನೆಯದು ತುಂಬದಿದ್ದರೂ ಸರಿ. ಸರಿಯಾಗಿ 1,200 ಕಿಲೋ ಆಗಿದ್ದರೆ? 49 ಕೂಡಿಸಿದರೆ 1,249, ಭಾಗಿಸಿದರೆ 24. ಒಂದು ಚೀಲವೂ ದಂಡವಾಗಲಿಲ್ಲ. ಇಲ್ಲಿ ಕೊನೆಯ ಗುಣಾಕಾರ ಬೇಕಾಗಲಿಲ್ಲ, ಗಮನಿಸಿದಿರಾ? ನಮಗೆ ಬೇಕಿದ್ದದ್ದು ಎಷ್ಟನೇ ಸ್ಟಾಪು ಅನ್ನುವುದು ಮಾತ್ರ.

ಶಾಲೆಯ ಮೊಟ್ಟೆ ಲೆಕ್ಕವನ್ನು ನೀವೇ ಮಾಡಿ. ಒಂದು ಟ್ರೇಯಲ್ಲಿ 30 ಮೊಟ್ಟೆ. ಶಾಲೆಯಲ್ಲಿ ಮೊಟ್ಟೆ ತಿನ್ನುವವರು 212 ಮಕ್ಕಳು. ಎಷ್ಟು ಟ್ರೇ ತರಿಸಬೇಕು? ಎಷ್ಟು ತಳ್ಳಬೇಕು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಎಂಟು ಅಂತ ಬಂದರೆ ನಿಮಗೆ ವಿದ್ಯೆ ಕೈ ಹತ್ತಿದೆ.

ಇನ್ನು ಹತ್ತಿರದ ಸ್ಟಾಪು. ಇದು ನ್ಯಾಯವಂತರ ದಾರಿ. 16, 17 ಇಬ್ಬರಿಗೂ 15 ಹತ್ತಿರ. 18, 19 ಇಬ್ಬರಿಗೂ 20 ಹತ್ತಿರ. ಇಲ್ಲೂ ಯಂತ್ರ ಮಾಡುವುದು ಅದೇ ಬಿಡುವ ಕೆಲಸ, ತಳ್ಳುವ ಅಳತೆ ಮಾತ್ರ ಬೇರೆ. ಈ ಸಲ ಎರಡೇ ಹೆಜ್ಜೆ ತಳ್ಳಿ. 17 ಹೋಗಿ 19 ಆದ, ಸ್ಟಾಪು ಮುಟ್ಟಲಿಲ್ಲ, 15ಕ್ಕೆ ಮರಳಿದ. 18 ಹೋಗಿ 20 ಮುಟ್ಟಿದ, ಅಲ್ಲೇ ಉಳಿದ.

(ದರ + 2) // 5 * 5

ಎರಡು ಸ್ಟಾಪುಗಳ ನಡುವಿನ ದೂರದ ಅರ್ಧದಷ್ಟು ತಳ್ಳುವುದು ಇಲ್ಲಿನ ನಿಯಮ. ಐದರ ಅರ್ಧ ಎರಡೂವರೆ, ಅರ್ಧ ಹೆಜ್ಜೆ ಇಡಲು ಬರುವುದಿಲ್ಲವಾದ್ದರಿಂದ ಎರಡು.

ಈಗ ಒಂದು ತಮಾಷೆ ನೋಡಿ. ಸ್ಟಾಪುಗಳು ಐದಕ್ಕೊಂದು ಇದ್ದಾಗ ಯಾರಿಗೂ ಗೊಂದಲ ಆಗಲಿಲ್ಲ, ಸರಿಯಾಗಿ ನಟ್ಟನಡುವೆ ಯಾರೂ ನಿಂತಿರಲಿಲ್ಲ. ಮೂರಕ್ಕೊಂದು, ಏಳಕ್ಕೊಂದು ಇಟ್ಟು ನೋಡಿ, ಅಲ್ಲೂ ಇಲ್ಲ. ಹತ್ತಕ್ಕೊಂದು ಇಟ್ಟರೆ? 25 ಎಲ್ಲಿದ್ದಾನೆ? 20ಕ್ಕೂ ಐದು ಹೆಜ್ಜೆ, 30ಕ್ಕೂ ಐದು ಹೆಜ್ಜೆ. ಯಾವುದು ಹತ್ತಿರ? ಯಾವುದೂ ಅಲ್ಲ! ಬೆಸ ಸಂಖ್ಯೆಯ ದೂರಕ್ಕೆ ಸ್ಟಾಪು ನೆಟ್ಟರೆ ಈ ತಂಟೆ ಇಲ್ಲ. ಸಮ ಸಂಖ್ಯೆಯ ದೂರಕ್ಕೆ ನೆಟ್ಟರೆ ನಡುವೆ ಒಬ್ಬ ನಿಂತೇ ಇರುತ್ತಾನೆ. ಹಾಳೆಯ ಮೇಲೆ ಚುಕ್ಕಿ ಇಟ್ಟು ನೋಡಿ, ಯಾಕೆ ಅಂತ ನಿಮಗೇ ತಿಳಿಯುತ್ತದೆ.

ನಡುವೆ ನಿಂತವನನ್ನು ಏನು ಮಾಡಬೇಕು? ಯಾರಾದರೂ ನಿಯಮ ಮಾಡಬೇಕು. ನಮ್ಮ ದೇಶದ ಆದಾಯ ತೆರಿಗೆಯವರು ಮಾಡಿದ್ದಾರೆ. 1961ರ ಆದಾಯ ತೆರಿಗೆ ಕಾಯ್ದೆಯ 288ಎ ಅನ್ನುವ ಕಲಮು ಹೇಳಿದ್ದು ಇದನ್ನೇ: ಒಟ್ಟು ಆದಾಯವನ್ನು ಹತ್ತಿರದ ಹತ್ತು ರೂಪಾಯಿಗೆ ಹೊಂದಿಸಬೇಕು, ಪೈಸೆ ಇದ್ದರೆ ಬಿಡಬೇಕು, ಕೊನೆಯ ಅಂಕಿ ಐದು ಅಥವಾ ಹೆಚ್ಚಿದ್ದರೆ ಮೇಲಿನ ಹತ್ತಕ್ಕೆ, ಐದಕ್ಕಿಂತ ಕಡಿಮೆ ಇದ್ದರೆ ಕೆಳಗಿನ ಹತ್ತಕ್ಕೆ. 6,43,214 ರೂಪಾಯಿ 6,43,210 ಆಗುತ್ತದೆ. ಒಂದೇ ರೂಪಾಯಿ ಹೆಚ್ಚಿರುವ 6,43,215 ಮಾತ್ರ 6,43,220 ಆಗುತ್ತದೆ.

ದೇಶದ ಮೂಲೆಮೂಲೆಯಿಂದ ಬರುವ ತೆರಿಗೆ ಲೆಕ್ಕಗಳನ್ನು ಕಂಪ್ಯೂಟರಿನಲ್ಲಿ ಪರಿಶೀಲಿಸುವ ದೊಡ್ಡ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. ವಕೀಲರ ಭಾಷೆಯ ಆ ಉದ್ದನೆಯ ಕಲಮನ್ನು ನೀವು ಈಗ ಒಂದೇ ಸಾಲಿನಲ್ಲಿ ಬರೆಯಬಲ್ಲಿರಿ:

(ಆದಾಯ + 5) // 10 * 10

ನಡುವಿನವನು ಯಾವಾಗಲೂ ಮೇಲಕ್ಕೆ ಅನ್ನುವ ನಿಯಮ ಸರಳವಾಗಿದೆ. ಆದರೆ ನಾಲ್ಕು ಜನ ನಡುವಿನವರನ್ನು ಸಾಲಾಗಿ ನಿಲ್ಲಿಸಿ ನೋಡಿ: 15, 25, 35, 45. ಕೂಡಿಸಿದರೆ 120. ಎಲ್ಲರನ್ನೂ ಮೇಲಕ್ಕೆ ಕಳಿಸಿದರೆ 20, 30, 40, 50. ಕೂಡಿಸಿದರೆ 140. ಇಪ್ಪತ್ತು ಎಲ್ಲಿಂದ ಬಂತು? ಎಲ್ಲರನ್ನೂ ಒಂದೇ ಕಡೆ ತಳ್ಳಿದ್ದರಿಂದ ಬಂತು. ನಾಲ್ಕು ಜನರಿಗೆ ಇಪ್ಪತ್ತಾದರೆ ಲಕ್ಷ ಜನರಿಗೆ ಎಷ್ಟಾದೀತು ಯೋಚಿಸಿ.

ಇದಕ್ಕೆ ಗಣಿತದವರು ಒಂದು ಜಾಣ ದಾರಿ ಹುಡುಕಿದ್ದಾರೆ. ನಡುವೆ ನಿಂತವನನ್ನು ಒಮ್ಮೆ ಹಿಂದೆ, ಒಮ್ಮೆ ಮುಂದೆ ಕಳಿಸುವುದು. ಯಾರನ್ನು ಯಾವ ಕಡೆಗೆ? ಯಾವ ಸ್ಟಾಪಿನ ಹತ್ತರ ಸ್ಥಾನದ ಅಂಕಿ ಸಮವೋ ಆ ಕಡೆಗೆ. 15ಕ್ಕೆ ಆಚೀಚೆ 10 ಮತ್ತು 20, ಇಪ್ಪತ್ತರ 2 ಸಮ, ಆದ್ದರಿಂದ 20ಕ್ಕೆ. 25ಕ್ಕೆ 20 ಮತ್ತು 30, ಮತ್ತೆ 20ಕ್ಕೇ. 35, 45 ಇಬ್ಬರೂ 40ಕ್ಕೆ. ಈಗ ಕೂಡಿಸಿ: 20, 20, 40, 40. ಒಟ್ಟು 120. ಮೊದಲು ಎಷ್ಟಿತ್ತೋ ಅಷ್ಟೇ! ನನಗಂತೂ ಈ ಲೆಕ್ಕ ಎಷ್ಟು ಸಲ ಮಾಡಿದರೂ ಖುಷಿ ತಗ್ಗುವುದಿಲ್ಲ.

2008ರಲ್ಲಿ ಬಂದ ಪೈಥಾನ್ 3ರ ರೌಂಡ್ ಅನ್ನುವ ಆಜ್ಞೆ ಈ ಎರಡನೆಯ ದಾರಿಯನ್ನೇ ಹಿಡಿಯುತ್ತದೆ. 25ನ್ನು ಹತ್ತಕ್ಕೆ ಹೊಂದಿಸು ಅಂದರೆ 20 ಅನ್ನುತ್ತದೆ. 'ಕಂಪ್ಯೂಟರ್ ಕೆಟ್ಟಿದೆ' ಅಂತ ಕೂಗುವವರನ್ನು ನೀವು ಮುಂದೆ ಕಾಣುತ್ತೀರಿ. ಕೆಟ್ಟಿಲ್ಲ. ತೆರಿಗೆಯವರ ನಿಯಮ ಬೇಕಿದ್ದವರು ಆ ಆಜ್ಞೆಯನ್ನು ನಂಬಿ ಕೂರದೆ ನಮ್ಮ ಒಂದು ಸಾಲನ್ನು ಬರೆಯಬೇಕು, ಅಷ್ಟೆ.

ಬರೀ ಬಿಡುತ್ತ ಹೋದರೆ, ತಳ್ಳುವುದನ್ನೇ ಮರೆತರೆ ಏನಾಗುತ್ತದೆ? ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ನಡೆದ ಕಥೆ ಕೇಳಿ. ಅಲ್ಲಿನ ಷೇರುಪೇಟೆಯವರು 1982ರ ಜನವರಿಯಲ್ಲಿ ಒಂದು ಸೂಚ್ಯಂಕ ಶುರು ಮಾಡಿದರು. ಷೇರುಗಳ ಬೆಲೆ ಒಟ್ಟಾರೆ ಏರಿತೋ ಇಳಿಯಿತೋ ತೋರಿಸುವ ಒಂದು ಸಂಖ್ಯೆ ಅದು. 1,000ದಿಂದ ಹೊರಟಿತು. ದಿನಕ್ಕೆ ಸಾವಿರಾರು ಸಲ ಕಂಪ್ಯೂಟರ್ ಅದನ್ನು ಹೊಸದಾಗಿ ಲೆಕ್ಕ ಹಾಕುತ್ತಿತ್ತು. ಪ್ರತಿ ಸಲವೂ ದಶಮಾಂಶದ ಮೂರು ಸ್ಥಾನಗಳ ಆಚೆಯದನ್ನು ಬಿಟ್ಟುಬಿಡುತ್ತಿತ್ತು. ಅಂದರೆ ಯಾವಾಗಲೂ ಹಿಂದಿನ ಸ್ಟಾಪು.

ಒಂದು ಸಾವಿರದ ಒಂದು ಭಾಗಕ್ಕಿಂತಲೂ ಸಣ್ಣ ಚೂರು, ಬಿಟ್ಟರೇನು ಅನ್ನಿಸುತ್ತದೆ. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ ಸುಮಾರು 524ಕ್ಕೆ ಇಳಿದಿತ್ತು. ಪೇಟೆ ಚೆನ್ನಾಗಿದೆ, ಸಂಖ್ಯೆ ಮಾತ್ರ ಕುಸಿಯುತ್ತಿದೆ! ಕೊನೆಗೆ ಲೆಕ್ಕ ತಿದ್ದಿ ನೋಡಿದಾಗ ನಿಜವಾದ ಉತ್ತರ ಸುಮಾರು 1,098 ಅಂತ ಗೊತ್ತಾಯಿತು. ಉದುರಿದ ಚೂರುಗಳೆಲ್ಲ ಸೇರಿ ಅರ್ಧಕ್ಕರ್ಧ ನುಂಗಿದ್ದವು.

ಶೇಷದ ಜೊತೆ ಆಡುವುದು ನಮ್ಮ ಕಲಬುರಗಿ ಜಿಲ್ಲೆಗೆ ಹೊಸದೇನಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮಳಖೇಡ ನೋಡಿದ್ದೀರಾ? ಅದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ಅನ್ನುವ ಗಣಿತಜ್ಞ 'ಗಣಿತಸಾರಸಂಗ್ರಹ' ಬರೆದ. ಗ್ರಂಥದ ಆರಂಭದಲ್ಲಿ ಈ ರಾಜನನ್ನು ಹೊಗಳಿದ್ದಾನೆ.

ಆ ಗ್ರಂಥದಲ್ಲಿ ಒಂದು ಲೆಕ್ಕ ಇದೆ. ಕಾಡಿನ ಅಂಚಿನಲ್ಲಿ ಬಾಳೆಹಣ್ಣಿನ 63 ಗುಡ್ಡೆಗಳು, ಎಲ್ಲದರಲ್ಲೂ ಒಂದೇ ಸಮ ಹಣ್ಣು. ಮೇಲೆ ಬಿಡಿಯಾಗಿ 7 ಹಣ್ಣು. ಎಲ್ಲವನ್ನೂ ಕೂಡಿಸಿ 23 ಪ್ರಯಾಣಿಕರು ಸಮನಾಗಿ ಹಂಚಿಕೊಂಡರು, ಒಂದೂ ಉಳಿಯಲಿಲ್ಲ. ಗುಡ್ಡೆಯಲ್ಲಿ ಎಷ್ಟೆಷ್ಟು ಹಣ್ಣಿದ್ದವು? ನಮ್ಮ ಮಾತಿನಲ್ಲಿ ಹೇಳುವುದಾದರೆ, ಒಟ್ಟು ಹಣ್ಣು ಇಪ್ಪತ್ತಮೂರರ ಸ್ಟಾಪಿನಲ್ಲೇ ನಿಂತಿರಬೇಕು, ಆಚೀಚೆ ಅಲ್ಲಾಡಬಾರದು. ಒಂದೊಂದು ಗುಡ್ಡೆಯಲ್ಲಿ 5 ಹಣ್ಣು ಇಟ್ಟು ನೋಡಿ: 315, ಏಳು ಸೇರಿ 322. ಇಪ್ಪತ್ತಮೂರರಿಂದ ಭಾಗಿಸಿದರೆ ಒಬ್ಬೊಬ್ಬರಿಗೆ 14, ಶೇಷ ಸೊನ್ನೆ. ಐದಕ್ಕಿಂತ ಕಡಿಮೆ ಹಣ್ಣಿಟ್ಟರೆ ಹೊಂದುವುದಿಲ್ಲ. ಐದನ್ನು ಬಿಟ್ಟು ಮುಂದಿನ ಉತ್ತರ ಯಾವುದು, ಹುಡುಕಿ. ಇಪ್ಪತ್ತೆಂಟರ ಹತ್ತಿರ ಹೋದಾಗ ಹುಷಾರಾಗಿ ನೋಡಿ.

ಇಲ್ಲಿಯವರೆಗೆ ನಾವು ಸ್ಟ್ಯಾಂಡಿನಿಂದ ಬಲಕ್ಕೆ ಮಾತ್ರ ನಡೆದೆವು. ಎಡಕ್ಕೂ ರಸ್ತೆ ಇದೆ. ಅಲ್ಲಿ -1, -2, -3 ಅಂತ ಋಣ ಸಂಖ್ಯೆಗಳು, ಸ್ಟಾಪುಗಳು -5, -10, -15ರಲ್ಲಿ. ನಮ್ಮ ಕಲಬುರಗಿಯ ಬಿಸಿಲಿಗೆ ಉಷ್ಣಾಂಶ ಸೊನ್ನೆಯ ಕೆಳಗೆ ಇಳಿಯುವ ಮಾತೇ ಇಲ್ಲ, ಆದರೆ ಲೇಹ್‌ನಲ್ಲಿ ಚಳಿಗಾಲದಲ್ಲಿ ಇಳಿಯುತ್ತದೆ. -7 ಅನ್ನುವವನು -10 ಮತ್ತು -5ರ ನಡುವೆ ನಿಂತಿದ್ದಾನೆ. ಅವನನ್ನು 'ಹಿಂದಿನ' ಸ್ಟಾಪಿಗೆ ಕಳಿಸು ಅಂದರೆ ಎಲ್ಲಿಗೆ?

ಇಲ್ಲಿ ಕಂಪ್ಯೂಟರ್ ಭಾಷೆಗಳು ಒಂದಕ್ಕೊಂದು ಒಪ್ಪುವುದಿಲ್ಲ. ಪೈಥಾನ್ ಪ್ರಕಾರ ಹಿಂದೆ ಅಂದರೆ ಯಾವಾಗಲೂ ಎಡಕ್ಕೆ. ಅದು -7ನ್ನು -10ಕ್ಕೆ ಕಳಿಸುತ್ತದೆ. ಸಿ ಅನ್ನುವ ಇನ್ನೊಂದು ಹೆಸರುವಾಸಿ ಭಾಷೆಗೆ ಹಿಂದೆ ಅಂದರೆ ಊರ ಕಡೆಗೆ, ಸೊನ್ನೆಯ ಕಡೆಗೆ. ಅದು -7ನ್ನು -5ಕ್ಕೆ ಕರೆತರುತ್ತದೆ. 1999ರ ನಿಯಮಾವಳಿಯಲ್ಲಿ ಸಿ ಭಾಷೆಯವರು ಇದನ್ನು ಗಟ್ಟಿ ಮಾಡಿದರು. ಅದಕ್ಕೂ ಮೊದಲು ಒಂದು ಯಂತ್ರದಲ್ಲಿ ಒಂದು ಉತ್ತರ, ಇನ್ನೊಂದರಲ್ಲಿ ಇನ್ನೊಂದು ಬರುವುದಕ್ಕೂ ಅವಕಾಶ ಇತ್ತು.

ಇದರಿಂದ ನಮ್ಮ ತಳ್ಳುವ ಉಪಾಯಕ್ಕೂ ಪೆಟ್ಟು ಬೀಳುತ್ತದೆ. -7ಕ್ಕೆ ಮುಂದಿನ ಸ್ಟಾಪು, ಅಂದರೆ ಬಲಗಡೆಯದು, -5. ನಾಲ್ಕು ತಳ್ಳಿದರೆ -7 ಹೋಗಿ -3 ಆಗುತ್ತದೆ. ಪೈಥಾನ್ ಅಲ್ಲಿಂದ ಎಡಕ್ಕೆ ಕಳಿಸಿ -5ರಲ್ಲಿ ನಿಲ್ಲಿಸುತ್ತದೆ, ಸರಿಯಾದ ಉತ್ತರ. ಸಿ ಭಾಷೆ -3ನ್ನು ಊರ ಕಡೆ ಎಳೆದು ಸೊನ್ನೆಗೆ ತಂದುಬಿಡುತ್ತದೆ. ಒಂದು ಇಡೀ ಸ್ಟಾಪು ತಪ್ಪಿಹೋಯಿತು! ಅದಕ್ಕೇ ಅನುಭವಸ್ಥರು ಇಂಥ ಸಾಲು ಬರೆದಮೇಲೆ ಮೂವರನ್ನು ಕಳಿಸಿ ಪರೀಕ್ಷೆ ಮಾಡುತ್ತಾರೆ: ಸ್ಟಾಪಿನಲ್ಲೇ ನಿಂತವನು, ಸೊನ್ನೆ, ಮತ್ತೆ ಸೊನ್ನೆಯ ಎಡಗಡೆಯವನು. 17ರಂಥವರು ಎಲ್ಲ ಉಪಾಯದಲ್ಲೂ ಪಾಸಾಗುತ್ತಾರೆ, ಅವರನ್ನು ಕೇಳಿ ಪ್ರಯೋಜನವಿಲ್ಲ.

ಕೊನೆಯದಾಗಿ ಒಂದು ಪ್ರಯೋಗ. ಶಾಲೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದರೆ ನೀವೇ ಮಾಡಬಹುದು. ಕಂಪ್ಯೂಟರ್ ತನ್ನ ಡಿಸ್ಕಿನಲ್ಲಿ ಜಾಗ ಕೊಡುವುದು ಚಿಲ್ಲರೆ ಲೆಕ್ಕದಲ್ಲಲ್ಲ. ಅಲ್ಲೂ ಸ್ಟಾಪುಗಳಿವೆ, ಸಾಮಾನ್ಯವಾಗಿ 4,096 ಬೈಟಿಗೆ ಒಂದು. ಬೈಟ್ ಅಂದರೆ ಕಂಪ್ಯೂಟರಿನಲ್ಲಿ ಜಾಗ ಅಳೆಯುವ ಸಣ್ಣ ಅಳತೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ನಮ್ಮ 'ಕ'ಕ್ಕೆ ಈಗಿನ ರೂಢಿಯಲ್ಲಿ ಮೂರು ಬೈಟ್ ಬೇಕು.

5,000 ಬೈಟಿನಷ್ಟು ಏನಾದರೂ ಬರೆದು ಉಳಿಸಿ. ಆ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆಯಿರಿ. ಅಲ್ಲಿ ಎರಡು ಗಾತ್ರ ಕಾಣುತ್ತದೆ. ಒಂದು ಸೈಜ್, ಇನ್ನೊಂದು ಸೈಜ್ ಆನ್ ಡಿಸ್ಕ್. ಮೊದಲನೆಯದು 5,000. ಎರಡನೆಯದು ಎಷ್ಟಿರಬೇಕು ಅಂತ ನೋಡುವ ಮೊದಲೇ ಹೇಳಿ. 4,095 ತಳ್ಳಿ, 4,096ರಿಂದ ಭಾಗಿಸಿ ಶೇಷ ಬಿಟ್ಟು, ಮತ್ತೆ ಗುಣಿಸಿ. 8,192 ಬರುತ್ತದೆ.

ಆಮೇಲೆ ಫೈಲನ್ನು ಬೆಳೆಸುತ್ತ ಬೆಳೆಸುತ್ತ ಸರಿಯಾಗಿ 8,192 ಬೈಟಿಗೆ ತಂದು ನಿಲ್ಲಿಸಿ. ಎರಡು ಗಾತ್ರವೂ ಒಂದೇ ಆಗುತ್ತದೆ. ಈಗ ಒಂದೇ ಒಂದು 'ಕ' ಸೇರಿಸಿ ಉಳಿಸಿ. ಸೈಜ್ ಮೂರೇ ಮೂರು ಏರಿ 8,195 ಆಯಿತು. ಕೆಳಗಿನ ಸಾಲು ನೋಡಿ: 12,288.